ಚೊಂಬಿನ ಕವಾಯತು, ಅರ್ಧ ಕ್ಷೌರ

ಒಂದೇ ತಿಂಗಳು! ಒಂದು ತಿಂಗಳಲ್ಲಿ ಮೊದಲಿನಂತೆ ಬಳುಕುವ ಬಳ್ಳಿಯಾಗದಿದ್ದರೆ, ಮೈಸೂರಿನ ಸ್ಕೂಲಿನಲ್ಲಿ ಡ್ರಿಲ್ಲಿಗೆ ಬಹುಮಾನ ಗೆದ್ದವಳು ನಾನೇ ಅಲ್ಲ ಎಂದು ಶಪಥ ಮಾಡಿದೆ. ಮಾಡದೆ ಇನ್ನೇನು? ಬಾಣಂತನದಲ್ಲಿ ಅತ್ತೆ ಕಮಲಾಕ್ಷಮ್ಮನವರು ತಿನ್ನಿಸಿದ ಕೊಬ್ಬರಿ, ತುಪ್ಪ, ಅಂಟಿನುಂಡೆಗಳೆಲ್ಲ ನನ್ನ ಮೈಮೇಲೆ ಖಾಯಂ ಬಿಡಾರ ಹೂಡಿದ್ದವು. ಮಗುವಿಗೆ ಐದು ತಿಂಗಳಾದರೂ ಹಳೆಯ ರವಿಕೆಯೊಳಗೆ ನನ್ನ ಒಂದು ತೋಳು ಮಾತ್ರ ಹೋಗುತ್ತಿತ್ತು. ಇನ್ನೊಂದು ಹೊರಗೇ ನಿಂತು ತಕರಾರು ಅರ್ಜಿ ಹಾಕುತ್ತಿತ್ತು!

ಆದರೆ ಅಜ್ಜಂಪುರದಲ್ಲಿ ಸೊಸೆ ಕುಪ್ಪಳಿಸುವುದನ್ನು ಕಂಡರೆ ಊರಿಗೆ ಊರೇ ಬಾಗಿಲಿಗೆ ಬಂದು ನಿಂತೀತು. ಆದ್ದರಿಂದ ಬುಧವಾರ ಬೆಳಿಗ್ಗೆ ಅತ್ತೆ ಅಡಿಗೆಯಲ್ಲಿದ್ದಾಗ, ನಮ್ಮ ಯಜಮಾನರು ಜಗಲಿಯ ಮೇಲೆ ಲಕ್ಕಣ್ಣನಿಗೆ ಗಡ್ಡ ಒಪ್ಪಿಸಿ ಕೂತಿದ್ದಾಗ, ನಾನು ಉಗ್ರಾಣ ಹೊಕ್ಕೆ. ಮರಳು ತುಂಬಿದ ಎರಡು ಹಿತ್ತಾಳೆ ಚೊಂಬುಗಳೇ ನನ್ನ ಡಂಬೆಲ್ಲು. ಒನ್! ಟೂ! ಒನ್! ಟೂ!

ನೂರಕ್ಕೆ ಬರುವಷ್ಟರಲ್ಲಿ ಮೈ ಕಾದ ಬಾಣಲೆ. ಕತ್ತು ಚುರುಚುರು ಎಂದಿತು. ಉಗ್ರಾಣದ ಗೋಡೆಗಿದ್ದ ಹಳೆಯ ಕನ್ನಡಿ ನೋಡುತ್ತೇನೆ, ಕತ್ತಿನಿಂದ ಮೊಣಕೈವರೆಗೆ ತೊಗರಿಕಾಳಿನಂಥ ಕೆಂಪು ಗುಳ್ಳೆಗಳು!

ಸಿಡುಬು! ಎಮ್ಮೆದೊಡ್ಡಿಯ ಕಡೆ ಅಮ್ಮ ಎದ್ದಿದ್ದಾಳೆಂದು ವಾರದಿಂದ ಸುದ್ದಿ. ಮಗುವಿಗೆ ಇನ್ನೂ ದೇವಿ ಹಾಕಿಸಿರಲಿಲ್ಲ. ಸ್ಕೂಲಿನ ಆರೋಗ್ಯದ ಪುಸ್ತಕ ಏನು ಹೇಳಿತ್ತು? 'ಮೊದಲು ಮೈ ಕಾವು, ಆಮೇಲೆ ಗುಳ್ಳೆ.' ಕಾವೂ ಇದೆ, ಗುಳ್ಳೆಯೂ ಇದೆ. ಲೆಕ್ಕ ಸರಿಹೋಯಿತು! ಅಗುಳಿ ಹಾಕಿಕೊಂಡು ಕಿರುಚಿದೆ:

"ಅತ್ತೇ! ಮಗೂನ ಎದುರುಮನೆ ಲಿಂಗಮ್ಮನವರಿಗೆ ಕೊಟ್ಬಿಡಿ! ನನಗೆ ಅಮ್ಮ ಎದ್ದಿದಾಳೆ!"

ಕ್ಷಣದಲ್ಲಿ ಮಗು ಎದುರುಮನೆಗೆ, ಬೇವಿನ ಸೊಪ್ಪು ಬಾಗಿಲಿಗೆ! ಅಮ್ಮನಿರುವ ಮನೆಯಲ್ಲಿ ಒಗ್ಗರಣೆಯ ಹೊಗೆ ಏಳಕೂಡದೆಂದು ಅತ್ತೆ ಸಿಡಿಯುತ್ತಿದ್ದ ಸಾಸಿವೆಗೆ ನೀರು ಹೊಯ್ದರು. ಜಗಲಿಯಲ್ಲಿ ಲಕ್ಕಣ್ಣ ಕತ್ತಿ ಮಡಿಸಿದ.

"ಲೋ, ಇನ್ನೊಂದು ಕೆನ್ನೆ ಉಳೀತಲ್ಲೋ!"

"ಅಮ್ಮ ಬಂದಿರೋ ಮನೇಲಿ ಕತ್ತಿ ತಾಗಿಸ್ತಾರಾ ಬುದ್ಧಿ? ನಮ್ಮನೇಲೂ ಮಕ್ಕಳವೆ."

"ಹನ್ನೊಂದಕ್ಕೆ ತರೀಕೆರೆಯಿಂದ ಅಮಲ್ದಾರರು ಕಚೇರಿಗೆ ಬರ್ತಾರೆ ಕಣೋ!"

"ಹಂಗಾರೆ ಈ ಕೆನ್ನೆ ಅವರ ಕಡೆ ಮಾಡಿ ನಿಂತ್ಕಳಿ."

ಅಷ್ಟರಲ್ಲಿ ಎದುರುಮನೆಯಿಂದ ನನ್ನ ಕಂದನ ಅಳು! ಹಸಿವಿನ ಅಳು! ಹಿಂದೆಯೇ ಲಿಂಗಮ್ಮನವರ ಕೂಗು: "ಕಮಲಾಕ್ಷಮ್ಮಾ, ಒಳಲೇಲಿ ಹಸುವಿನ ಹಾಲು ಕುಡಿಸೋಕೆ ಹೋದ್ರೆ ಒಳಲೇನೇ ಒದ್ದುಬಿಟ್ಟ ಕಣ್ರೀ!"

ಸಂಕಟದಿಂದ ಮತ್ತೆ ಕನ್ನಡಿ ನೋಡಿಕೊಂಡೆ. ಗುಳ್ಳೆ ಎಲ್ಲಿ? ಒಂದೂ ಇಲ್ಲ! ಬಾಗಿಲು ತೆರೆದು ಓಡಿದೆ.

"ಅತ್ತೆ, ಹೋಯ್ತು! ನೋಡಿ, ಎಲ್ಲಾ ಹೋಯ್ತು!"

"ಅಯ್ಯೋ ನನ್ನ ತಾಯೇ, ಒಳಕ್ಕೆ ಇಳಿದುಬಿಟ್ಳಾ! ಅದು ಇನ್ನೂ ಕೆಟ್ಟದ್ದು ಕಣೇ. ಒಂಬತ್ತು ದಿನ ಮಗು ಮುಟ್ಟಬೇಡ!"

ಒಂಬತ್ತು ದಿನ! ಒಂಬತ್ತು ನಿಮಿಷಕ್ಕೇ ನನ್ನ ಎದೆ ಒದ್ದೆಯಾಗಿತ್ತು. ಆಗ ಹೊಳೆಯಿತು: ಗುಳ್ಳೆ ಎದ್ದದ್ದು ಕುಪ್ಪಳಿಸಿದ ಮೇಲೆ, ಇಳಿದದ್ದು ಬೆವರು ಆರಿದ ಮೇಲೆ! ಆದರೆ ಅದನ್ನು ಹೇಳಿದರೆ ಮಾನ ಹೋಗುತ್ತದೆ. ಹೇಳದಿದ್ದರೆ ಮಗು ಸಿಕ್ಕುವುದಿಲ್ಲ. ಹೋಗಲಿ ಮಾನ!

"ಅಮ್ಮ ಅಲ್ಲ ಅತ್ತೆ... ಅದು ಡ್ರಿಲ್ಲು."

"ಡ್ರಿಲ್ಲೇ? ಅದು ಯಾವ ಊರಿನ ದೇವರೇ?"

ವಿವರಿಸಿದೆ. ನಂಬಲಿಲ್ಲ. "ಹಂಗಾದ್ರೆ ನನ್ನ ಕಣ್ಮುಂದೆ ಎಬ್ಬಿಸು, ನೋಡೋಣ" ಎಂದರು.

ನಡುಮನೆಯೇ ರಂಗಸ್ಥಳವಾಯಿತು! ಸೆರಗು ಸಿಕ್ಕಿಸಿ, ಚೊಂಬು ಹಿಡಿದು ಕುಪ್ಪಳಿಸಿದೆ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ಎದುರಿಗೆ. ಲಿಂಗಮ್ಮನವರು ಅಳುವ ಮಗುವಿನೊಂದಿಗೆ ಹೊಸ್ತಿಲಾಚೆ. ಅರ್ಧ ಗಡ್ಡದ ಯಜಮಾನರು ಕಂಬದ ಪಕ್ಕ. ಜಗಲಿಯ ಲಕ್ಕಣ್ಣ ಮರ್ಯಾದೆಗಾಗಿ ಬೆನ್ನು ತಿರುಗಿಸಿದ್ದನೇ ಹೊರತು ಎಣಿಕೆ ಬಿಡಲಿಲ್ಲ: "ಅರವತ್ತೆಂಟು... ಅರವತ್ತೊಂಬತ್ತು... ಬಂತಾ ಅವ್ವಾ?"

"ಏಳ್ರೋ!" ಎಂದು ನಾನು ಗುಳ್ಳೆಗಳನ್ನೇ ಬೇಡಿಕೊಂಡೆ. ಎಂಬತ್ತಕ್ಕೆ ಕತ್ತು ಚುರುಗುಟ್ಟಿತು. "ಬಂತು! ಬಂತು!" ಎಂದು ಕೂಗಿದೆ. ಮೈ ತುರಿಕೆಗೆ ಇಷ್ಟು ಸಂತೋಷಪಟ್ಟ ಹೆಂಗಸು ಮೈಸೂರು ಸೀಮೆಯಲ್ಲೇ ಇರಲಾರಳು!

ಅತ್ತೆ ನನ್ನ ತೋಳನ್ನು ಬೆಳಕಿಗೆ ಹಿಡಿದು ನೋಡಿದರು. ಮುಖ ಸಡಿಲವಾಯಿತು.

"ಥೂ ನಿನ್ನ! ಇದು ಪಿತ್ತದ ಗಂಧೆ ಕಣೇ! ಆಗಲೇ ಬಾಗಿಲು ತೆಗೆದು ತೋರಿಸಿದ್ರೆ ನಾನೇ ಹೇಳ್ತಿರ್ಲಿಲ್ವಾ? ಲಿಂಗಮ್ಮಾ, ಕೊಡಿ ಮಗೂನ. ಲಕ್ಕಣ್ಣ, ಆ ಕೆನ್ನೆ ಮುಗ್ಸಪ್ಪ!"

ಮಗು ಮಡಿಲಿಗೆ ಬಂದದ್ದೇ ಅಳು ನಿಲ್ಲಿಸಿ ಹಾಲಿಗೆ ಬಾಯಿ ಹಾಕಿತು. ಗಂಧೆಗೆ ಇದೇ ಮದ್ದೆಂದು ಅತ್ತೆ ಒರಟು ಕಂಬಳಿ ತಂದು ನನ್ನ ಬೆನ್ನು ತಿಕ್ಕುತ್ತಾ ಕೇಳಿದರು:

"ಅಲ್ಲವೇ, ಈ ತುರಿಕೆ ಕಲಿಯೋಕೆ ನಿಮ್ಮಪ್ಪ ಆರು ವರ್ಷ ಮೈಸೂರಲ್ಲಿ ಓದಿಸಿದ್ರಾ? ನಮ್ಮ ಹಿತ್ತಲಲ್ಲಿ ತುರಚೆ ಸೊಪ್ಪು ಪುಕ್ಕಟೆ ಬೆಳೆಯುತ್ತಲ್ಲೇ!"

ತಕ್ಕ ಉತ್ತರ ಕೊಡುತ್ತಿದ್ದೆ. ಆದರೆ ಒಂದು ಕೈಯಲ್ಲಿ ಮಗುವಿತ್ತು, ಇನ್ನೊಂದು ಕೈ, "ಇಲ್ಲಿ ಅತ್ತೆ, ಇನ್ನೂ ಸ್ವಲ್ಪ ಮೇಲೆ!" ಎಂದು ತೋರಿಸುವುದರಲ್ಲಿತ್ತು!