ನಾ ಕೊಂದ ಕಿಲ್ಲೇದಾರ

ಐತಿಹಾಸಿಕ ಕಾದಂಬರಿ ಬರೆಯೋರಿಗೆ ಸತ್ತವರ ಕಾಟ ಇಲ್ಲರಿ, ಇರೋದೆಲ್ಲಾ ಓದುವವರದು. ಜಮಖಂಡಿ ಬಸ್‌ಸ್ಟ್ಯಾಂಡ್ ದಾಟಿದೆ ಅಂದ್ರ ನನಗ ಒಂದಿಲ್ಲೊಂದು ಫಜೀತಿ ಗಂಟು ಬಿದ್ದದ್ದಽ. ಆಗ ವಾರಪತ್ರಿಕಿಯೊಳಗ ನನ್ನ ಕಾದಂಬರಿ ಬರಾಕತ್ತಿತ್ತು. ಒಂದು ಕಿಲ್ಲಾ, ಅದನ್ನ ಕಾಯಾಕ ಒಬ್ಬ ಕಿಲ್ಲೇದಾರ, ಸುತ್ತ ವೈರಿ ದಂಡು, ಒಳಗ ಕುಡಿಯಾಕ ನೀರಿಲ್ಲ. "ಓದುಗರು ಕೇಳಿದ್ರ ಎರಡನೇ ಭಾಗ, ಇಲ್ಲಾಂದ್ರ ಇಲ್ಲಿಗೇ ಮುಗಸ್ರಿ" ಅಂದಿದ್ರು ಸಂಪಾದಕರು. ಆ ಎರಡನೇ ಭಾಗದ ಮ್ಯಾಲೆ ನನ್ನ ಜೀವ ಇತ್ತು. ಅದಕ್ಕಽ ಯಾವ ಓದುಗ ಕರೆದ್ರೂ ಚೀಲಾ ಹೆಗಲಿಗೇರಿಸಿ ಹೊಂಟುಬಿಡ್ತಿದ್ದೆ.

ಮುಧೋಳದ ಸಾಕ್ಷಿ

ಮುಧೋಳದಾಗ ಬೇಟೆ ನಾಯಿ ಸಾಕೋ ಗೌಡರೊಬ್ಬರು ಮನಿಗೆ ಕರದ್ರು. ಚಹಾಕ್ಕಿಂತ ಮೊದಲ ನಾಯಿ ಬಂದು ನನ್ನ ಮುಂದ ಕುಂತಿತು.

"ನಿಮ್ಮ ಕಿಲ್ಲಾದಾಗ ನಾಯಿನಽ ಇಲ್ಲಲ್ರಿ?"

"ಇತಿಹಾಸದಾಗ ಅದಕ್ಕ ಆಧಾರ ಇಲ್ಲರಿ."

"ಇದರ ಮುತ್ತಜ್ಜನ ಮುತ್ತಜ್ಜ ಅಲ್ಲೇ ಇದ್ದ. ಬೇಕಂದ್ರ ಇದನ್ನಽ ಕೇಳ್ರಿ" ಅಂದ್ರು ಗೌಡರು.

ನಾಯಿ ಹಲ್ಲು ತೋರಿಸಿತು. ಮುಂದಿನ ವಾರದ ಕಂತಿನಾಗ ಕಿಲ್ಲೇದಾರ ನಾಯಿ ಸಾಕಿದ್ದ.

ಗುಡ್ಡ ಏರಿದ ಊರು

ಬೀಳಗಿ ಕಡೆ ಹಿರಿಯರೊಬ್ಬರು. ಅವರ ಊರು ಡ್ಯಾಮಿನ ಹಿನ್ನೀರಿನಾಗ ಮುಳುಗಿ ಹೋಗಿತ್ತು.

"ಕಿಲ್ಲಾ ಗುಡ್ಡದ ಮ್ಯಾಲೈತಿ ಹೌದಲ್ರಿ? ನಮ್ಮೂರ ಹನಮಪ್ಪನ ಗುಡಿನೂ ಅದರ ಬಾಜೂಕ ಹಾಕ್ರಿ."

"ಅದು ಹೊಳಿ ದಂಡಿಗೆ ಇತ್ತಲ್ರಿ ಅಜ್ಜಾರ?"

"ಅಲ್ಲೇ ಇಟ್ರ ಮತ್ತ ಮುಳಗತೈತಲ್ಲೋ ಮಾರಾಯಾ!"

ಆ ವಾರದ ಕಂತಿನಾಗ ಗುಡಿ ಮ್ಯಾಲೆ ತಂದಿಟ್ಟೆ. ಸುದ್ದಿ ಹಬ್ಬಿತು ನೋಡ್ರಿ, ಮುಳುಗಡೆ ಊರಿನವರೆಲ್ಲಾ ತಮ್ಮ ತಮ್ಮ ಬಾವಿ, ಕಟ್ಟಿ, ಬೇವಿನ ಗಿಡ ಹೇಳಿ ಕಳಿಸಾಕ ಚಾಲೂ ಮಾಡಿದ್ರು. ಯಾರಿಗೂ ಒಲ್ಲೆ ಅನ್ನಾಕ ಮನಸಾಗಲಿಲ್ಲ. ಕಡೀಕ ಕಿಲ್ಲಾದಾಗ ವೈರಿ ಹೊಗಾಕ ಜಾಗಾ ಉಳೀಲಿಲ್ಲ.

ತುಬಚಿಯ ಉಪಾಯ

ತುಬಚಿ ರೈತನೊಬ್ಬ ಬಸ್ಸಿನಾಗ ಹಿಡಕೊಂಡ. "ನಿಮ್ಮ ಕಿಲ್ಲಾದಾಗ ಮಂದಿ ನೀರಿಲ್ಲದ ಸಾಯಾಕತ್ತಾರ, ಏತ ನೀರಾವರಿ ಮಾಡಸ್ರಿ."

"ಆಗ ಕರೆಂಟ್ ಎಲ್ಲಿತ್ತೋ ತಮ್ಮಾ?"

"ಈಗರ ಎಲ್ಲೈತ್ರಿ?" ಅಂದ.

ಬನಹಟ್ಟಿಯ ಊಟ

ಕಡೇ ಕಂತಿನಾಗ ಕಿಲ್ಲೇದಾರ ಸತ್ತ. ಇತಿಹಾಸದಾಗ ಸತ್ತಾನ, ನಾ ಏನ್ ಮಾಡ್ಲಿ? ಬನಹಟ್ಟಿಯ ನೇಕಾರ ಓಣಿಯಿಂದ ಫೋನ್ ಬಂತು. "ರವಿವಾರ ಊಟಕ್ಕ ಬರ್ರಿ, ನೀವಿಲ್ಲದ ಆಗಂಗಿಲ್ಲ." ಸತ್ಕಾರ ಮಾಡಿ ಎರಡನೇ ಭಾಗ ಕೇಳ್ತಾರ ಅಂತ ಹಿಗ್ಗಿ ಹೊಸ ಅಂಗಿ ತೊಟ್ಟು ಹೋದೆ.

ಓಣ್ಯಾಗ ಒಂದಽ ಒಂದು ಮಗ್ಗದ ಸಪ್ಪಳಿಲ್ಲ. "ಕಿಲ್ಲೇದಾರಗ ಹಿಂದ ಮುಂದ ಯಾರಿಲ್ಲಲ್ರಿ, ಅವನ ದಿನಕರ್ಮ ನಾವಽ ಮಾಡೂಣು ಅಂದ್ವಿ" ಅಂದ್ರು ಓಣಿ ಹಿರಿಯರು. ಮಾಳಿಗಿ ಮ್ಯಾಲೆ ಹೋಳಗಿ, ಅನ್ನ ಎಲ್ಲಾ ಎಡಿ ಇಟ್ಟಿದ್ರು. ಸತ್ತವರ ಎಡಿ ಕಾಗಿ ಮುಟ್ಟೂತನಕ ಯಾರೂ ಉಣ್ಣಂಗಿಲ್ಲ. ಕಾಗಿ ಗ್ವಾಡಿ ಮ್ಯಾಲೆ ಕುಂತಿತ್ತು. ಮುಟ್ಟವಲ್ಲದು.

"ಏನೋ ಆಶಾ ಉಳದೈತಿ. ಅವನ ಮನಸು ಬಲ್ಲವರು ನೀವು, ಮಾತು ಕೊಡ್ರಿ" ಅಂದ್ರು.

ಕೈಮುಗಿದು ನಿಂತೆ. "ನಿನ್ನ ಕಿಲ್ಲಾ ಗೆದ್ದು ಕೊಡ್ತೇನಪಾ." ಕಾಗಿ ಅಲುಗಲಿಲ್ಲ. "ನಿನ್ನ ನಾಯಿ ಜ್ವಾಕಿ ಮಾಡಸ್ತೇನಿ." ಮಾರಿ ತಿರುವಿತು. "ಎರಡನೇ ಭಾಗದಾಗ ನಿನ್ನ ಸೇಡು ತೀರಸ್ತೇನಿ!" ಅಂದೆ. ಹಾರಿ ಹೋಗಿ ದೂರದ ಕಂಬದ ಮ್ಯಾಲೆ ಕುಂತಿತು.

ಎಲ್ಲಾರ ಹೊಟ್ಟಿ ಚುರುಗುಟ್ಟಾಕತ್ತಿತ್ತು. ಒಬ್ಬಾಕಿ ಮುದುಕಿ ಮುಂದ ಬಂದು ಕಾಗಿಗೆ ಕೈಮುಗಿದ್ಲು. "ಬಾ ನನ್ನಪ್ಪಾ, ಉಣ್ಣು. ಈ ಮನಷ್ಯಾ ಎರಡನೇ ಭಾಗ ಬರಿಯಂಗಿಲ್ಲ. ನಾ ಬರಿಯಾಕ ಬಿಡಂಗಿಲ್ಲ."

ಕಾಗಿ ಬುರ್ರಂತ ಬಂದು ಹೋಳಗಿ ಕಚಗೊಂಡು ಹೋತು!

ಮರುದಿನ ಸಂಪಾದಕರು ಕೇಳಿದ್ರು, "ಏನಾತ್ರಿ? ಎರಡನೇ ಭಾಗ ಓದುಗರಿಗೆ ಬೇಕಂತೇನು?"

"ಓದುಗರ ಮಾತು ಬಿಡ್ರಿ" ಅಂದೆ. "ಖುದ್ದ ಕಿಲ್ಲೇದಾರನಽ ಬ್ಯಾಡ ಅಂದಾನ."