ಎರಡು ಸೀಟು, ನಾಲ್ಕು ಕ್ಲಿಪ್ಪು

ಕಲ್ಲಪ್ಪ ಬಾಯಲ್ಲಿ ನಾಲ್ಕು ಕ್ಲಿಪ್ಪು ಕಚ್ಚಿಕೊಂಡು ಮೂರನೇ ಮಹಡಿಯ ಬಾಲ್ಕನಿಯಲ್ಲಿ ಹೆಂಡತಿಯ ಒದ್ದೆ ಸೀರೆ ಒಣಹಾಕುತ್ತಿದ್ದಾಗ ಎದುರು ಬಾಲ್ಕನಿಯಿಂದ ಘೋಷಾಲ್ ಬಾಬು ಕೂಗಿದರು.

"ಏನು ಕೊಲ್ಲೊಪ್ಪೊ ಬಾಬು, ಮಗಳು ಸಿಲಿಗುರಿಗೇ ತಾನೇ?"

ಕೇಳಿದ್ದು ಬಂಗಾಳಿಯಲ್ಲಿ. ಕಲ್ಕತ್ತಾದ ಕಸ್ಬಾದಲ್ಲಿ ಇಪ್ಪತ್ತೆರಡು ವರ್ಷ ಕಳೆದ ಧಾರವಾಡದ ಕಲ್ಲಪ್ಪನಿಗೆ ಬಂಗಾಳಿಯೆಲ್ಲ ಅರ್ಥವಾಗುತ್ತಿತ್ತು. ಅವರ ಬಾಯಲ್ಲಿ ತನ್ನ ಹೆಸರು ಮಾತ್ರ ಇನ್ನೂ ಯಾರದೋ ಅನಿಸುತ್ತಿತ್ತು.

ಅದೇ ಹೊತ್ತಿಗೆ ಹಿಂದಿನಿಂದ ಮಗಳು ಪ್ರತೀಕ್ಷಾ ಬಂದು ಅವನ ಶರ್ಟಿನ ಜೇಬಿಗೆ ಕೈ ಹಾಕಿದಳು. "ಅಪ್ಪಾ, ನಿಮ್ ಫೋನಿಗೆ ಓಟಿಪಿ ಬರ್ತದೆ, ತಗೊಳ್ಲಾ? ಫೈನಲ್ ಮಾಡ್ತೀನಿ, ಓಕೆ ನಾ?"

ಮನೆಯ ಗ್ಯಾಸಿಗೆ, ಕರೆಂಟಿಗೆ, ಹುಡುಗಿಯ ಪರೀಕ್ಷೆಗೆ, ಹೆಂಡತಿ ತರಿಸುವ ನೈಟಿಗೆ, ಎಲ್ಲಕ್ಕೂ ಕೊಟ್ಟಿದ್ದು ಕಲ್ಲಪ್ಪನ ನಂಬರು. ದಿನಕ್ಕೆ ಹತ್ತು ಓಟಿಪಿ ಬರುತ್ತಿದ್ದವು. ಯಾವುದಕ್ಕೆ ಎಂದು ಕೇಳುವುದನ್ನು ಅವನು ಬಿಟ್ಟು ಎರಡು ವರ್ಷವಾಗಿತ್ತು. ಈಗಂತೂ ಬಾಯಿ ತೆರೆದರೆ ಕ್ಲಿಪ್ಪುಗಳು ಸೀದಾ ಕೆಳಗಿನ ಮೀನಿನವನ ತಕ್ಕಡಿಗೆ ಬೀಳುತ್ತಿದ್ದವು. ಆದ್ದರಿಂದ ಕಲ್ಲಪ್ಪ ಹಿಂದಿನವಳಿಗೂ ಎದುರಿನವರಿಗೂ ಸೇರಿಸಿ ಒಂದೇ ಸಲ ತಲೆ ಆಡಿಸಿದ. ಎಲ್ಲದರಲ್ಲೂ ಮಿತವ್ಯಯದ ಮನುಷ್ಯ.

ಪ್ರತೀಕ್ಷಾಳಿಗೆ ಎರಡು ಊರಲ್ಲಿ ಎಂಬಿಬಿಎಸ್ ಸೀಟು ಸಿಕ್ಕಿತ್ತು. ಬಂಗಾಳದ ಕೋಟಾದಲ್ಲಿ ಸಿಲಿಗುರಿ, ಅಖಿಲ ಭಾರತದ ಕೋಟಾದಲ್ಲಿ ಹುಬ್ಬಳ್ಳಿ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಟ್ಟುಕೊಡಲು ಇವತ್ತು ಸಂಜೆ ಐದು ಗಂಟೆ ಗಡುವು. ಎರಡು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದವಳು ಹುಡುಗಿ. ಎಲ್ಲಿ ಓದಬೇಕು ಎನ್ನುವ ಕಷ್ಟವನ್ನು ಮಾತ್ರ ಬಂಧುಬಳಗ, ನೆರೆಹೊರೆ ದೊಡ್ಡ ಮನಸ್ಸು ಮಾಡಿ ತಾವೇ ಹೊತ್ತುಕೊಂಡಿದ್ದರು.

ಕಲ್ಲಪ್ಪನ ಹೊಟ್ಟೆಯೊಳಗಿನ ಸಂಕಟ ಬೇರೆ. ಮಗಳನ್ನು ಬಿಟ್ಟಿರುವುದು ಅವನಿಂದಾಗದು. ಹದಿನೆಂಟು ತುಂಬಿದ ಹುಡುಗಿಯ ನೀರಿನ ಬಾಟಲಿಯ ಮುಚ್ಚಳವನ್ನು ಇವತ್ತಿಗೂ ಅವನೇ ತಿರುಗಿಸಿ, ತಲೆಕೆಳಗು ಮಾಡಿ, ಸೋರುತ್ತದೆಯೋ ನೋಡಿ ಕೊಡುತ್ತಿದ್ದ. ಟ್ಯೂಷನ್ನಿಗೆ ಕೊಡೆ ಹಿಡಿದು ಹಿಂದೆ ಹೋಗುತ್ತಿದ್ದ, ಮಳೆ ಇರಲಿ, ಇಲ್ಲದಿರಲಿ.

ಘೋಷಾಲರಿಗೆ ಹೊಟ್ಟೆಯ ಒಳಗೆ ಗ್ಯಾಸು, ಹೊರಗೆ ಪುರುಸೊತ್ತು, ನಿವೃತ್ತರು. ಅವರ ಹೆಂಡತಿಗೆ ವರ್ಷಾವರ್ಷ ಡಾರ್ಜಿಲಿಂಗಿಗೆ ಹೋಗುವ ಆಸೆ. ಬೆಟ್ಟ ಹತ್ತುವ ಮೊದಲು ಸಿಲಿಗುರಿಯಲ್ಲಿ ಪರಿಚಯದ ಡಾಕ್ಟರೊಬ್ಬಳು ಇದ್ದರೆ ಗ್ಯಾಸಿಗೂ ಗತಿ, ಉಳಿಯಲಿಕ್ಕೂ ಜಾಗ. ಕಲ್ಲಪ್ಪ ಎರಡು ಅಂಗಿ ಒಣಹಾಕುವಷ್ಟರಲ್ಲಿ ಇಡೀ ಪಾಡಾದ, ಅಂದರೆ ಓಣಿಯ, ಮೂವತ್ತು ಮನೆಗೆ ಸುದ್ದಿ ಮುಟ್ಟಿತು. ಮೂರನೇ ಅಂಗಿಗೆ ಬಾಗಿಲಿಗೆ ಸಂದೇಶ ಎಂಬ ಬಂಗಾಳಿ ಮಿಠಾಯಿಯ ಡಬ್ಬಿ ಬಂತು.

"ಏನ್ರೀ, ಮಿಠಾಯಿ ಬಂದೈತಲ್ಲ, ಯಾರ್ ಏನ್ ಹಡದಾರ?" ಎಂದಳು ಹೆಂಡತಿ ಶೋಭನಾ.

ಉತ್ತರ ಹೊಳೆಯುವ ಮೊದಲೇ ಫೋನು ಬಡಿದುಕೊಂಡಿತು. ಹುಬ್ಬಳ್ಳಿಯಿಂದ ಅಕ್ಕ ತುಳಸಿ. ಅವಳ ದನಿಗೆ ಸ್ಪೀಕರ್ ಹಾಕುವ ಅಗತ್ಯವಿರಲಿಲ್ಲ.

"ಕಲ್ಲ್ಯಾ, ಮ್ಯಾಲಿನ ಖೋಲಿ ಖಾಲಿ ಮಾಡೀನಿ. ಹೊಲಿಗಿ ಮಷೀನ್ ಕೆಳಗ ಇಳಿಸೀನಿ. ಹುಡುಗಿ ಬಂದ್ರ ದಿನಾ ನನ್ನ ಮೊಣಕಾಲು ನೋಡ್ತಾಳ."

"ಅಕ್ಕಾ, ಮೊದಲ್ನೇ ವರ್ಷಾನೇ ಮೊಣಕಾಲು ಕಲಸ್ತಾರೋ ಇಲ್ಲೋ..."

"ಕಲಿಯಾಕ ನಂದ ಎರಡ ಅದಾವಲ್ಲೋ! ಹುಬ್ಬಳ್ಳಿನ ಹೌದಲ್ಲ?"

"ಹೂಂ ಅಕ್ಕಾ."

ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಕಲ್ಲಪ್ಪ ಎರಡೂ ಊರಿಗೆ ಹೂಂಗುಟ್ಟಿ ಮುಗಿಸಿದ್ದ.

"ಅಪ್ಪಾ, ಸುನೋ ನಾ," ಎಂದಳು ಪ್ರತೀಕ್ಷಾ ಸೋಫಾದಿಂದ. "ಆಕ್ಚುಲಿ ನಾನು..."

"ನೀ ಸುಮ್ನಿರವಾ. ದೊಡ್ಡವರು ವಿಚಾರ ಮಾಡಾಕತ್ತೀವಿ."

ಹುಡುಗಿ ತಾಯಿಯ ಮುಖ ನೋಡಿದಳು. ತಾಯಿ ಒಲೆಯ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ಬಿಡವಾ, ಪುರುಸೊತ್ತಾದಾಗ ಅವರ ಕೇಳ್ತಾರ."

ಕೆಳಗಿಳಿದರೆ ಮೀನಿನವನು ಎದ್ದು ನಿಂತು ಎರಡೂ ಕೈಯಿಂದ ಕೈ ಕುಲುಕಿದ. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ಕಲ್ಲಪ್ಪನ ಕೈ ಸಾಲ್ಟ್ ಲೇಕಿನ ಕಚೇರಿ ಮುಟ್ಟುವವರೆಗೂ ಇಲಿಶ್ ಮೀನು ನಾರುತ್ತಿತ್ತು. ಬಸ್ಸಿನಲ್ಲಿ ಪಕ್ಕದವರೊಬ್ಬರು ಎಷ್ಟಕ್ಕೆ ಸಿಕ್ಕಿತೆಂದು ಆಸೆಯಿಂದ ಕೇಳಿದರು.

ಅದು ಕೇಂದ್ರ ಸರ್ಕಾರದ ಕಚೇರಿ. ಸಲಹೆಗೆ ಅಲ್ಲಿ ಎಂದೂ ಕೊರತೆಯಿಲ್ಲ. ಸಕ್ಕರೆ ಕಾಯಿಲೆಯವರು ಹುಬ್ಬಳ್ಳಿ ಎಂದರು, ಅಲ್ಲಿಯ ಜೋಳ ಒಳ್ಳೆಯದಂತೆ. ದಮ್ಮಿನವರು ಸಿಲಿಗುರಿ ಎಂದರು, ಅಲ್ಲಿಯ ಗಾಳಿ ಒಳ್ಳೆಯದಂತೆ. ಹುಡುಗಿ ಗಾಳಿ ಕುಡಿಯಲಿಕ್ಕಾಗಲಿ ರೊಟ್ಟಿ ತಿನ್ನಲಿಕ್ಕಾಗಲಿ ಹೋಗುತ್ತಿಲ್ಲ ಎಂದು ಯಾರಿಗೂ ನೆನಪಾಗಲಿಲ್ಲ. ಕೊನೆಗೆ ಕೈ ಎತ್ತಿಸಿ ಎಣಿಸಿದರು. ಸಿಲಿಗುರಿಗೆ ಐದು, ಹುಬ್ಬಳ್ಳಿಗೆ ಐದು. ನಿರ್ಣಾಯಕ ಮತ ಮಂಡಲ್ ಬಾಬುಗಳದು. ಅವರಿಗೆ ಮೂತ್ರದ ತೊಂದರೆ, ಸರಿಯಾಗಿ ಎಣಿಸುವ ಹೊತ್ತಿಗೆ ಹೊರಗೆ ಹೋಗಿದ್ದರು.

ಆಗ ಕುಮಟೆಯ ವಿನಾಯಕ ಕುರ್ಚಿ ಎಳೆದುಕೊಂಡು ಹತ್ತಿರ ಬಂದ. ಕಲ್ಲಪ್ಪನ ಕುರ್ಚಿ ಕಿಟಕಿಯ ಪಕ್ಕ, ಎದುರಿಗೆ ಕೆಂಪು ಹೂವಿನ ಮರ. ವಿನಾಯಕನ ಕುರ್ಚಿ ಶೌಚಾಲಯದ ಬಾಗಿಲಿನ ಪಕ್ಕ, ಎದುರಿಗೆ ಮಂಡಲ್ ಬಾಬು. ಆದರೂ ಅವನ ಮುಖದಲ್ಲಿ ಸ್ನೇಹವೊಂದೇ ಕಾಣುತ್ತಿತ್ತು.

"ಅಲ್ಲ ಮಾರಾಯ್ರೇ, ಇಷ್ಟಕ್ಕೆಲ್ಲ ತಲೆ ಕೆಡಿಸ್ಕಳ್ತ್ರಾ? ಮಗಳನ್ನ ಹುಬ್ಬಳ್ಳಿಗೆ ಕಳ್ಸಿ, ನೀವೂ ವರ್ಗ ಮಾಡಿಸ್ಕಂಡು ಬೆನ್ನಿಗೇ ಹೋಗಿ. ಅಲ್ಲಿ ಜಾಗ ಖಾಲಿ ಇದ್ದು, ಕೇಳೋರೇ ಇಲ್ಲ. ನಿಮ್ಮ ಆ ಅರ್ಜಿ ಇನ್ನೂ ಇದ್ಯೋ, ಹಪ್ಪಳ ಮಾಡಿ ಕರದ್ರೋ?"

ಅರ್ಜಿ ಇತ್ತು. ಹುಬ್ಬಳ್ಳಿಗೆ ವರ್ಗ ಕೋರಿ ಕಲ್ಲಪ್ಪ ಅದನ್ನು ಬರೆದದ್ದು ಹನ್ನೊಂದು ವರ್ಷದ ಹಿಂದೆ. ಮೊದಲು ದುರ್ಗಾ ಪೂಜೋ ಮುಗಿಯಲಿ ಎಂದ. ಆಮೇಲೆ ಚಳಿಗಾಲದ ಹೊಸ ಬೆಲ್ಲದ ಸಂದೇಶ ಮುಗಿಯಲಿ ಎಂದ. ಆಮೇಲೆ ಮಗಳ ಪರೀಕ್ಷೆ, ಆಮೇಲೆ ಸೆಕೆ, ಅಷ್ಟರಲ್ಲಿ ಮತ್ತೆ ಪೂಜೋ. ಪ್ರತಿವರ್ಷ ತಾರೀಖಿನ ಮೇಲೆ ವೈಟ್ನರ್ ಬಳಿದು ಹೊಸದು ಬರೆಯುತ್ತಿದ್ದ. ಈಗ ಆ ಮೂಲೆ ಹನ್ನೊಂದು ಸಲ ಸುಣ್ಣ ಕಂಡ ಗೋಡೆಯ ಹಾಗೆ ದಪ್ಪಗಾಗಿ, ಕಾಗದ ಒಂದು ಕಡೆಗೆ ವಾಲುತ್ತಿತ್ತು.

ಕಚೇರಿಯಲ್ಲಿ ಪೆನ್ಸಿಲ್ ಬೇಕೆಂದರೂ ಕಂಪ್ಯೂಟರಿನಲ್ಲಿ ಕೇಳಬೇಕು. ವರ್ಗದ ಅರ್ಜಿ ಮಾತ್ರ ಕಾಗದದಲ್ಲೇ, ಅಂಚೆಯಲ್ಲೇ ದಿಲ್ಲಿಗೆ ಹೋಗಬೇಕು. ಅಂಚೆಗೆ ಬಿದ್ದ ಮೇಲೆ ಹಿಂದೆ ತೆಗೆಯುವ ಹಾಗಿಲ್ಲ. ಹಾಗೆ ತೆಗೆಯಲು ಹೋದ ಒಬ್ಬರು ಈಗ ಅಂಡಮಾನಿನಲ್ಲಿ ಸಮುದ್ರ ನೋಡುತ್ತ ಕೂತಿದ್ದಾರೆಂದು ಸುದ್ದಿ.

ಕಲ್ಲಪ್ಪ ಕಣ್ಣು ಮುಚ್ಚಿದ. ಹುಬ್ಬಳ್ಳಿ. ಕಾಲೇಜಿನ ಗೇಟು. ತಾನು, ಕೊಡೆ, ನೀರಿನ ಬಾಟಲಿ. ಕಣ್ಣು ತೆರೆಯುವಷ್ಟರಲ್ಲಿ ಜೀವನದಲ್ಲಿ ಮೊದಲ ಸಲ ಒಂದು ತೀರ್ಮಾನ ತೆಗೆದುಕೊಂಡಿದ್ದ.

ಅಷ್ಟರಲ್ಲಿ ಮಗಳ ಫೋನು. "ಅಪ್ಪಾ, ಏಕ್ ಮಿನಿಟ್, ಬೆಳಿಗ್ಗೆ ಇಂದ ಹೇಳ್ಬೇಕು ಅಂತ..."

"ತಡಿಯವಾ, ನಿನ್ನ ಕೆಲಸದಾಗ ಅದೀನಿ!" ಎಂದು ಕತ್ತರಿಸಿದ.

ಫ್ಯಾನು ರಿಪೇರಿಯ ಕಾಗದಕ್ಕೆ ಮೂರು ವಾರ ತೆಗೆದುಕೊಳ್ಳುವ ಸಾಹೇಬರು ಕಲ್ಲಪ್ಪನನ್ನು ಕಳಿಸುವ ಕಾಗದಕ್ಕೆ ನಿಂತಲ್ಲೇ ಸಹಿ ಹಾಕಿದರು. ಅದೂ ಅವನ ಬೆನ್ನಿನ ಮೇಲೆ ಇಟ್ಟು. ವಿನಾಯಕ ಲಕೋಟೆ ತಂದ, ಅಂಟು ತಂದ, ತಾನೇ ಅಂಟಿಸಿ ಮುಷ್ಟಿಯಿಂದ ಗುದ್ದಿದ. "ಅಂಚೆ ವ್ಯಾನು ನಾಲ್ಕೂವರೆಗೆ ಬರ್ತು. ನೀವು ಕೂತ್ಕಳಿ, ನಾನೇ ಕೊಟ್ಟು ಬರ್ತೆ," ಎಂದು ಮೆಟ್ಟಿಲು ಇಳಿದ. ಕಚೇರಿಯ ಕೆಲಸಕ್ಕೆ ವಿನಾಯಕ ಓಡಿದ್ದನ್ನು ಆ ಕಟ್ಟಡ ಅಂದೇ ಮೊದಲು ಕಂಡದ್ದು.

ಕಲ್ಲಪ್ಪ ಗಂಭೀರವಾಗಿ ಮನೆಗೆ ಫೋನು ಮಾಡಿದ.

"ಪ್ರತೀಕ್ಷಾ, ಹುಬ್ಬಳ್ಳಿ ಒತ್ತಿಬಿಡವಾ. ಫೈನಲ್."

"ಅಪ್ಪಾ, ಫೈನಲ್ ಆಗಿ ಹೋಗ್ಯದೆ. ಬೆಳಿಗ್ಗೇನೇ ಸಿಲಿಗುರಿ ಲಾಕ್ ಮಾಡ್ದೆ. ಹುಬ್ಬಳ್ಳಿ ಸೀಟು ಬಿಟ್ಟು ಕೊಟ್ಟೆ."

"ಯಾರನ್ನ ಕೇಳಿ ಕೊಟ್ಟಿ?"

"ನಿಮ್ಮನ್ನ! ಓಟಿಪಿ ತಗೊಳ್ಲಾ, ಫೈನಲ್ ಮಾಡ್ತೀನಿ ಅಂದೆ. ನೀವು ತಲೆ ಆಡಿಸಿದ್ರಿ."

ಕಲ್ಲಪ್ಪನ ಬಾಯಿ ಕ್ಲಿಪ್ಪು ಬಿಟ್ಟ ಸೀರೆಯ ಹಾಗೆ ಜೋತುಬಿತ್ತು. "ಹುಬ್ಬಳ್ಳಿ ಯಾಕ ಬ್ಯಾಡಾತವಾ?"

ಹುಡುಗಿ ಮೆತ್ತಗೆ ಹೇಳಿದಳು. "ಹುಬ್ಬಳ್ಳಿಗೆ ಹೋದ್ರೆ ನೀವು ಟ್ರಾನ್ಸ್‌ಫರ್ ತಗೊಂಡು ಬಂದೇ ಬರ್ತೀರಿ. ಡಿಸೆಕ್ಷನ್ ಹಾಲಿಗೂ ಬಾಟಲ್ ತಗೊಂಡು ಬರ್ತೀರಿ. ನಾ ಒಂದ್ಸಲ ಮುಚ್ಚಳ ನಾನೇ ಹಾಕಿ ನೋಡ್ತೀನಿ ಅಪ್ಪಾ. ಪ್ಲೀಸ್?"

ಫೋನು ಶೋಭನಾಳ ಕೈಗೆ ಹೋಯಿತು. "ನನಗ ಮುಂಜಾನೇನ ಗೊತ್ತಿತ್ರೀ. ನೀವು ಕೇಳಿದ್ರ ಹೇಳ್ತಿದ್ದೆ. ಅಷ್ಟ್ಯಾಕ ಮಾರಿ ಸಣ್ಣದು ಮಾಡ್ತೀರಿ? ಕಲ್ಕತ್ತಾದಿಂದ ಸಿಲಿಗುರಿ ಒಂದು ರಾತ್ರಿ ದಾರಿ. ನೆನಪಾದಾಗ ಗಾಡಿ ಹತ್ತಿ ಹೋಗಿ ನೋಡ್ಕೊಂಡು ಬರ್ರಿ. ನೀವೇನು ಹುಬ್ಬಳ್ಳಿಯಿಂದ ಹೋಗಬೇಕಾಗೈತೇನು?"

ಕಲ್ಲಪ್ಪ ಫೋನು ಮೇಜಿನ ಮೇಲೆ ಇಟ್ಟ. ಆಗ ಕಂಡಿತು: ತನ್ನ ಕಿಟಕಿಯ ಕಟ್ಟೆಯ ಮೇಲೆ ವಿನಾಯಕನ ಊಟದ ಡಬ್ಬಿ, ವಿನಾಯಕನ ಕನ್ನಡಕದ ಪೆಟ್ಟಿಗೆ, ವಿನಾಯಕನ ಪುಟ್ಟ ಗಣಪತಿ.

ಲಿಫ್ಟು ಎಂದಿನಂತೆ ನಿಂತಿತ್ತು. ಕಲ್ಲಪ್ಪ ನಾಲ್ಕು ಮಹಡಿಯನ್ನು ಚಪ್ಪಲಿ ಕೈಯಲ್ಲಿ ಹಿಡಿದು ಇಳಿದ. ಗೇಟಿನ ಹತ್ತಿರ ಬರುವಷ್ಟರಲ್ಲಿ ಕೆಂಪು ವ್ಯಾನಿನ ಹಿಂಬಾಗಿಲು ಢಬ್ಬೆಂದು ಮುಚ್ಚಿತು. ವಿನಾಯಕ ರಸೀದಿಯನ್ನು ಧ್ವಜದ ಹಾಗೆ ಬೀಸುತ್ತ ಎದುರಿಗೆ ಬಂದ.

"ಹೋಯ್ತು ಮಾರಾಯ್ರೇ! ಹನ್ನೊಂದು ವರ್ಷದ ಕೆಲ್ಸ ಹತ್ತು ನಿಮಿಷಕ್ಕೆ ಮುಗ್ಸ್ದೆ. ಖುಷಿ ಆತಲ್ಲ?"

ಕಲ್ಲಪ್ಪನ ಜೇಬಿನಲ್ಲಿ ಫೋನು ಕುಣಿಯತೊಡಗಿತು. ಅಕ್ಕ ತುಳಸಿ. ಖಾಲಿ ಖೋಲಿ, ಎರಡು ಮೊಣಕಾಲು.

ಈ ಸಲ ಬಾಯಲ್ಲಿ ಕ್ಲಿಪ್ಪುಗಳಿರಲಿಲ್ಲ. ಆದರೂ ಕಲ್ಲಪ್ಪ ಸುಮ್ಮನೆ ತಲೆ ಆಡಿಸಿದ. ಅವನ ಅರ್ಜಿಯನ್ನು ಹೊತ್ತ ವ್ಯಾನು ಸೆಕ್ಟರ್ ಫೈವಿನ ಕಡೆ ತಿರುಗಿ, ಸಿಗ್ನಲ್ಲಿಗೂ ಕಾಯದೆ ಹೊರಟುಹೋಯಿತು.