ಆಯ್ಕೆಗಳಿಲ್ಲದ ಪ್ರಶ್ನೆಪತ್ರಿಕೆ

ಎಂಜಿನಿಯರ್ ಆದವನಿಗೆ ಗಣಿತ ಬರುತ್ತದೆ ಎಂಬುದು ನಮ್ಮ ಜನರ ದೊಡ್ಡ ಮೂಢನಂಬಿಕೆಗಳಲ್ಲಿ ಒಂದು. ಬೆಕ್ಕು ಅಡ್ಡ ಬಂದರೆ ಅಪಶಕುನ ಎಂಬುದನ್ನು ಈಗ ಅಷ್ಟಾಗಿ ಯಾರೂ ನಂಬುವುದಿಲ್ಲ. ಇದನ್ನು ಮಾತ್ರ ಓದಿದವರೂ ನಂಬುತ್ತಾರೆ. ನನ್ನ ಮಾವನವರಂತೂ ನಂಬಿ ಮಗಳನ್ನೇ ಕೊಟ್ಟರು. ನಾನೂ ಅವರ ನಂಬಿಕೆ ಕೆಡಿಸುವ ಗೋಜಿಗೆ ಹೋಗಿರಲಿಲ್ಲ. ನನ್ನದು ಸಾಫ್ಟ್‌ವೇರ್ ಕೆಲಸ. ಲೆಕ್ಕವನ್ನೆಲ್ಲ ಕಂಪ್ಯೂಟರ್ ನೋಡಿಕೊಳ್ಳುತ್ತದೆ, ನಾನು ಮೀಟಿಂಗ್ ನೋಡಿಕೊಳ್ಳುತ್ತೇನೆ. ಬೆಸ್ಟ್ ಎಂಬ ಪುಟ್ಟ ಊರಿನಲ್ಲಿ ಮನೆ ಮಾಡಿಕೊಂಡು, ದಿನಾ ರೈಲು ಹತ್ತಿ ಆಮ್ಸ್ಟರ್‌ಡ್ಯಾಮಿಗೆ ಹೋಗಿಬರುತ್ತ, ರಿಟೈರ್ ಆಗುವ ತನಕ ಈ ಗುಟ್ಟನ್ನು ಕಾಪಾಡಿಕೊಳ್ಳಬಹುದಿತ್ತು. ಅಷ್ಟರಲ್ಲಿ ನನ್ನ ಹೆಂಡತಿ ಸುಮಾಳಿಗೆ ಮತ್ತೆ ಓದುವ ಮನಸ್ಸಾಯಿತು.

ಸುಮಾ ಮೈಸೂರಿನಲ್ಲಿ ಇತಿಹಾಸ ಓದಿ ಬಿ.ಎ. ಮಾಡಿದವಳು. ನನ್ನ ಹಿಂದೆ ಈ ದೇಶಕ್ಕೆ ಬಂದು, ಡಚ್ ಕಲಿತು, ಮಗಳನ್ನು ಶಾಲೆಗೆ ಸೇರಿಸಿ, ಐದಾರು ವರ್ಷ ಮನೆಯಲ್ಲೇ ಕಳೆದಿದ್ದಳು. ಈಗ ಐಂಡ್‌ಹೋವನ್ನಿನ ಕಾಲೇಜೊಂದರಲ್ಲಿ ಅಕೌಂಟ್ಸ್ ಪದವಿಗೆ ಸೀಟು ಕೊಡಲು ಒಪ್ಪಿದ್ದರು. ಆದರೆ ಎಸ್ಸೆಸ್ಸೆಲ್ಸಿ ಆದಮೇಲೆ ನೀವು ಗಣಿತವನ್ನೇ ಮುಟ್ಟಿಲ್ಲವಲ್ಲ, ಮೊದಲು ಒಂದು ವರ್ಷ ಸಂಜೆ ತರಗತಿಗೆ ಬಂದು ಹೈಸ್ಕೂಲಿನ ಬೀಜಗಣಿತ ಮುಗಿಸಿ ಎಂದರಂತೆ. ಇನ್ನೊಂದು ದಾರಿಯೂ ಇತ್ತು. ಜೂನ್‌ನಲ್ಲಿ ನಡೆಯುವ ಪರೀಕ್ಷೆಯಲ್ಲಿ ನೇರವಾಗಿ ಪಾಸಾದರೆ ಆ ಕೋರ್ಸಿನಿಂದ ವಿನಾಯಿತಿ, ಸೆಪ್ಟೆಂಬರ್‌ನಲ್ಲೇ ಕಾಲೇಜಿಗೆ ಸೇರಬಹುದು. “ಇನ್ನೊಂದ್ ವರ್ಷ ಕಾಯೋಕೆ ನನ್ ಕೈಲಿ ಆಗಲ್ಲ ರೀ,” ಎಂದಳು ಸುಮಾ. ಹೇಳುವಾಗ ಕಣ್ಣು ತುಂಬಿಕೊಂಡಿತ್ತು. ಅದನ್ನು ನೋಡಿ ನಾನು ಎದೆಯುಬ್ಬಿಸಿ, “ಬೀಜಗಣಿತ ತಾನೆ? ನಾನಿಲ್ವಾ?” ಎಂದುಬಿಟ್ಟೆ.

ಮರುದಿನವೇ ಊಟದ ಮೇಜಿನ ಮೇಲೆ ಪಾಠ ಶುರು. ಮೊದಲ ಪ್ರಶ್ನೆ ಹೀಗಿತ್ತು: ಒಂದು ತೋಟದ ಉದ್ದ ಅದರ ಅಗಲಕ್ಕಿಂತ ಮೂರು ಮೀಟರ್ ಹೆಚ್ಚು, ವಿಸ್ತೀರ್ಣ ನಲವತ್ತು ಚದರ ಮೀಟರ್, ಹಾಗಾದರೆ ಅಗಲ ಎಷ್ಟು? ನಾನು ಹಾಳೆ ತಿರುಗಿಸಿದೆ. ಹಿಂದೆ ಖಾಲಿ. “ಆಪ್ಷನ್ಸ್ ಎಲ್ಲಿ?” ಎಂದು ಕೇಳಿದೆ.

“ಯಾವ ಆಪ್ಷನ್ಸು?”

“ಎ, ಬಿ, ಸಿ, ಡಿ. ಅದಿಲ್ದೆ ಉತ್ತರ ಹೇಗ್ ಹುಡ್ಕೋದು?”

ಇದಕ್ಕೆ ಸ್ವಲ್ಪ ಹಿಂದಿನ ಕಥೆ ಹೇಳಬೇಕು. ನಾನು ಎಂಜಿನಿಯರಿಂಗ್ ಸೀಟು ಪಡೆದದ್ದು ಗಣಿತದಿಂದಲ್ಲ, ಸಿಇಟಿಯಿಂದ. ಬೆಂಗಳೂರಿನಲ್ಲಿ ನಾವು ಟ್ಯೂಷನ್ನಿಗೆ ಹೋಗುತ್ತಿದ್ದ ಮೇಷ್ಟ್ರು ಒಬ್ಬರಿದ್ದರು. “ಲೆಕ್ಕ ಬಿಡಿಸ್ತಾ ಕೂತ್ರೆ ಸೀಟು ಪಕ್ಕದೋನಿಗೆ ಹೋಗುತ್ತೆ ಕಣ್ರೋ. ತಪ್ಪು ಉತ್ತರ ಹೊಡೆದ್ ಹಾಕಿ, ಉಳಿದಿದ್ದಕ್ಕೆ ಟಿಕ್ ಹಾಕಿ” ಎನ್ನುತ್ತಿದ್ದರು. ಆ ವಿದ್ಯೆ ನನಗೆ ಎಷ್ಟು ಒಲಿಯಿತೆಂದರೆ, ಮುಂದೆ ಅದೇ ನನ್ನ ಬದುಕಿನ ಕ್ರಮವಾಯಿತು. ಮದುವೆಗೆಂದು ಮನೆಯವರು ನಾಲ್ಕು ಹುಡುಗಿಯರ ಫೋಟೋ ತೋರಿಸಿದಾಗಲೂ ಹಾಗೇ ಮಾಡಿದೆ. ಸುಮಾ ಆಪ್ಷನ್ ಸಿ. ಇದನ್ನು ಅವಳಿಗೆ ಒಮ್ಮೆ ಪ್ರೀತಿಯಿಂದಲೇ ಹೇಳಿದ್ದೆ. ಎರಡು ದಿನ ನನಗೆ ಬರೀ ಮೊಸರನ್ನ ಸಿಕ್ಕಿತು.

ಇರಲಿ. ಆಪ್ಷನ್ ಇಲ್ಲದಿದ್ದರೇನು, ನಾವೇ ಮಾಡಿಕೊಳ್ಳೋಣ ಎಂದು ಮಗ್ಗಿ ಹೇಳತೊಡಗಿದೆ. ಐದೆಂಟಲಿ ನಲವತ್ತು! ಐದಕ್ಕೆ ಮೂರು ಸೇರಿಸಿದರೆ ಎಂಟು. ಅಗಲ ಐದು ಮೀಟರ್, ಮುಗಿಯಿತು. ಸುಮಾ ನನ್ನನ್ನು ಮೆಚ್ಚುಗೆಯಿಂದ ನೋಡಿದಳು. ಆ ನೋಟದ ಆಸೆಗೆ ನಾನು ಪೂರಾ ಮೋಸಗಾರನಾದೆ. ಪ್ರತಿದಿನದ ಲೆಕ್ಕಗಳನ್ನು ರೈಲಿನಲ್ಲಿ ಗುಟ್ಟಾಗಿ ಮಾಡಿಕೊಂಡು, ಸಂಜೆ ಮನೆಯಲ್ಲಿ ಆಗಷ್ಟೇ ಹೊಳೆದವನ ಹಾಗೆ ಹೇಳುತ್ತಿದ್ದೆ. ಒಮ್ಮೆ ಎದುರಿಗೆ ಕೂತಿದ್ದ ಡಚ್ ಅಜ್ಜಿ ಬಗ್ಗಿ ನೋಡಿ, “ಮಗನ ಹೋಮ್‌ವರ್ಕಾ?” ಎಂದು ಕೇಳಿದರು. ಹೌದು ಎಂದೆ. “ಅವನೇ ಮಾಡಲಿ ಬಿಡಿ, ನಿಮಗಿಂತ ಚೆನ್ನಾಗಿ ಮಾಡುತ್ತಾನೆ” ಎಂದರು. ಈ ದೇಶದಲ್ಲಿ ಯಾರೂ ಬೇಜಾರಾದೀತೆಂದು ಮಾತು ನುಂಗಿಕೊಳ್ಳುವುದಿಲ್ಲ. ಅಂದು ಅದೇ ಗುಂಗಿನಲ್ಲಿ ಡೆನ್ ಬಾಸ್‌ನಲ್ಲಿ ಇಳಿದು ರೈಲು ಬದಲಿಸುವುದನ್ನು ಮರೆತು, ನಮ್ಮೂರು ದಾಟಿ ಐಂಡ್‌ಹೋವನ್‌ಗೆ ಹೋಗಿ ವಾಪಸ್ ಬಂದೆ.

ಯುಗಾದಿಗೆ ಸ್ನೇಹಿತರೆಲ್ಲ ಒಂದೊಂದು ಅಡುಗೆ ಮಾಡಿಕೊಂಡು ನಮ್ಮ ಮನೆಗೆ ಬಂದಿದ್ದರು. ಗುರುಪ್ರಸಾದ್ ಎಂಬ ನನ್ನ ಸ್ನೇಹಿತ ದಾವಣಗೆರೆಯವನು, ಅವನೂ ಎಂಜಿನಿಯರೇ. ಸುಮಾಳ ಪುಸ್ತಕ ಎತ್ತಿಕೊಂಡು, “ಅಯ್ಯೋ, ಇಷ್ಟೇನಾ? ಟೂ ಮಿನಿಟ್ಸ್” ಎಂದು ಹೋಳಿಗೆ ತಟ್ಟೆ ಪಕ್ಕಕ್ಕಿಟ್ಟ. ಎಲ್ಲರದೂ ಊಟವಾಗಿ ಪಾತ್ರೆ ತೊಳೆದಾದ ಮೇಲೆ ತಲೆಯೆತ್ತಿ, “ಪ್ರಶ್ನೆನೇ ತಪ್ಪಿದೆ ಕಣೋ. ಡಚ್‌ನೋರಿಗೆ ಮ್ಯಾತ್ಸ್ ಬರಲ್ಲ” ಎಂದ. ನನಗೂ ಹಾಗೇ ಅನ್ನಿಸಿತ್ತಾದ್ದರಿಂದ ಜೋರಾಗಿ ಹೌದೌದು ಎಂದೆ.

ಗ್ರಹಚಾರ ಬಿಡಿಸಿದ್ದು ಕಾಲೇಜಿನವರ ಅಭ್ಯಾಸ ಪರೀಕ್ಷೆ. ಸುಮಾಳ ಉತ್ತರಗಳು ಬಹುಪಾಲು ಸರಿ ಇದ್ದವು, ಆದರೆ ಅಂಕಗಳು ಬಹುಪಾಲು ಸೊನ್ನೆ. ಪ್ರತಿ ಉತ್ತರದ ಪಕ್ಕದಲ್ಲೂ ಅಲ್ಲಿನ ಟೀಚರಮ್ಮ ಹಸಿರು ಶಾಯಿಯಲ್ಲಿ, ಇದು ನಿಮಗೆ ಹೇಗೆ ಗೊತ್ತಾಯಿತು ಎಂದು ಬರೆದಿದ್ದರು. “ಸರಿ ಉತ್ತರಕ್ಕೆ ಸೊನ್ನೆ ಕೊಡ್ತಾರಾ? ಏನ್ ಅನ್ಯಾಯ ಇದು!” ಎಂದು ನಾನು ಕೂಗಾಡಿದೆ. ಸುಮಾ ಕೂಗಾಡಲಿಲ್ಲ.

“ಅವರು ಕೇಳಿದ್ದು ಸರಿಯಾಗೇ ಇದೆ. ಹೇಗ್ ಗೊತ್ತಾಯ್ತು, ನೀವೇ ಹೇಳಿ.”

ನಾನು ಫ್ಯಾನ್ ನೋಡೋಣವೆಂದು ತಲೆಯೆತ್ತಿದೆ. ಈ ದೇಶದ ಮನೆಗಳಲ್ಲಿ ಫ್ಯಾನೂ ಇರುವುದಿಲ್ಲ.

“ನಿಮಗೆ ಬರಲ್ಲ ಅಲ್ವಾ?” ಎಂದಳು.

“ಬರಲ್ಲ,” ಎಂದೆ. ಮದುವೆಯಾದ ಮೇಲೆ ಅಷ್ಟು ಚಿಕ್ಕ ಉತ್ತರ ನಾನು ಕೊಟ್ಟಿದ್ದು ಅದೇ ಮೊದಲು. ಅವಳು ಬೈದಿದ್ದರೆ ಚೆನ್ನಾಗಿತ್ತು. ಪರೀಕ್ಷೆಗೆ ಎರಡು ತಿಂಗಳೂ ಉಳಿದಿರಲಿಲ್ಲ. ನನ್ನ ಜಂಬಕ್ಕೆ ಅವಳ ಒಂದು ವರ್ಷ ಹೋಗುತ್ತದಲ್ಲ ಎಂದು ನಿಜಕ್ಕೂ ನಾಚಿಕೆಯಾಯಿತು.

ಮರುದಿನದಿಂದ ಕುರ್ಚಿಗಳು ಅದಲುಬದಲಾದವು. ಸುಮಾ ಪುಸ್ತಕವನ್ನು ಮೊದಲ ಪುಟದಿಂದ ತಾನೇ ಓದಿಕೊಂಡು, ಸಂಜೆ ನನ್ನನ್ನು ಕೂರಿಸಿ ಪ್ರತಿ ಹೆಜ್ಜೆಯನ್ನೂ ವಿವರಿಸುವುದು. ಅರ್ಥವಾಗದ ಕಡೆಯೆಲ್ಲ ನಾನು ಯಾಕೆ ಎಂದು ಕೇಳುವುದು. ಈ ಕೆಲಸಕ್ಕೆ ಬೆಸ್ಟ್‌ನಲ್ಲಿ ನನಗಿಂತ ಯೋಗ್ಯರು ಸಿಗುತ್ತಿರಲಿಲ್ಲ. ಆ ತೋಟದ ಲೆಕ್ಕಕ್ಕೆ ಎರಡು ಉತ್ತರ ಬರುತ್ತವೆ, ಐದು ಮತ್ತು ಮೈನಸ್ ಎಂಟು, ಮೈನಸ್ ಎಂಟನ್ನು ಬಿಡಬೇಕು ಎಂದಳು.

“ಯಾಕೆ ಬಿಡ್ಬೇಕು?”

“ಅಗಲ ಮೈನಸ್ ಇರಲ್ಲ.”

“ಈ ದೇಶದಲ್ಲಿ ಎಷ್ಟೋ ನೆಲ ಸಮುದ್ರಕ್ಕಿಂತ ಕೆಳಗಿದೆ. ಅದು ಇರ್ಬಹುದಾದ್ರೆ ಇದ್ಯಾಕ್ ಇರ್ಬಾರ್ದು?”

“ಅದು ಆಳ, ಇದು ಅಗಲ. ಮೈನಸ್ ಎಂಟು ಮೀಟರ್ ಅಗಲದ ತೋಟದಲ್ಲಿ ಏನ್ ಬೆಳೀತೀರಾ? ನಿಮ್ ತಲೆ?” ಎಂದು ರೇಗಿದಳು. ಆಮೇಲೆ ಯೋಚಿಸಿ, ಯಾಕೆ ಬಿಡಬೇಕೆಂಬುದನ್ನು ಒಂದು ಸಾಲಿನಲ್ಲಿ ಬರೆದಳು. ಪರೀಕ್ಷೆಯವರಿಗೆ ಬೇಕಾಗಿದ್ದೂ ಅದೇ.

ಜೂನ್‌ನಲ್ಲಿ ಪರೀಕ್ಷೆ ಬರೆದಳು, ಪಾಸಾದಳು. ಫಲಿತಾಂಶ ನೋಡಿದ ಕೂಡಲೇ ಅಡುಗೆಮನೆಯಲ್ಲಿ ನಿಂತು ಅತ್ತಳು. ನಾನೂ ಈರುಳ್ಳಿಯ ನೆಪದಲ್ಲಿ ಅತ್ತೆ. ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಅಭಿನಂದಿಸಿದ್ದು ನನ್ನನ್ನು. ಮನೆಯಲ್ಲೇ ಎಂಜಿನಿಯರ್ ಇದ್ದರೆ ಇನ್ನೇನು ಎಂದು ಗುರುಪ್ರಸಾದ್ ಬರೆದ. ನಾನು ಕೈಮುಗಿಯುವ ಚಿತ್ರ ಕಳಿಸಿ ಸುಮ್ಮನಾದೆ.

ಸೆಪ್ಟೆಂಬರ್‌ನಲ್ಲಿ ಅವಳಿಗೆ ಕಾಲೇಜು ಶುರುವಾಯಿತು. ಸಂಖ್ಯಾಶಾಸ್ತ್ರದ ಮೊದಲ ಪಾಠದ ದಿನ ನಾನು ಟೀ ಹಿಡಿದು ಎಂದಿನಂತೆ ಕುರ್ಚಿ ಎಳೆದುಕೊಂಡು ಕೂತೆ. ಅವಳು ವಿವರಿಸಿದಳು. ನನಗೆ ಯಾಕೆ ಎಂದು ಕೇಳಲೂ ತೋಚಲಿಲ್ಲ.

“ರೀ, ಪ್ರಶ್ನೆ ಕೇಳೋಕೂ ಸ್ವಲ್ಪ ಗೊತ್ತಿರ್ಬೇಕು. ಆ ಸಂಜೆ ಕೋರ್ಸಲ್ಲಿ ಒಂದ್ ಸೀಟ್ ಖಾಲಿ ಇದೆ ನೋಡಿ, ನಂದೇ,” ಎಂದಳು.

ಹೀಗೆ, ಅವಳು ಪರೀಕ್ಷೆ ಬರೆದು ತಪ್ಪಿಸಿಕೊಂಡ ಕೋರ್ಸಿಗೆ ನಾನು ಸೇರಿಕೊಂಡೆ. ಪ್ರತಿ ಬುಧವಾರ ಸಂಜೆ ಹೋಗುತ್ತೇನೆ. ಬೆಸ್ಟ್‌ನ ಕನ್ನಡಿಗರಿಗೆಲ್ಲ ಷಟಲ್ ಆಡಲು ಹೋಗುತ್ತೇನೆಂದು ಹೇಳಿಟ್ಟಿದ್ದೇನೆ; ದಾರಿಯಲ್ಲಿ ಯಾರಾದರೂ ಸಿಕ್ಕರೆ ಇರಲಿ ಎಂದು ಬೆನ್ನಿಗೆ ಬ್ಯಾಟ್ ಏರಿಸಿಕೊಂಡೇ ಸೈಕಲ್ ಹತ್ತುತ್ತೇನೆ. ಕಳೆದ ವಾರ ತಡವಾಗಿ ಹೋದೆ. ಕೊನೆಯ ಸಾಲಿನಲ್ಲಿ ಮಾತ್ರ ಜಾಗವಿತ್ತು. ಬ್ಯಾಟನ್ನು ಗೋಡೆಗೆ ಒರಗಿಸಲು ಹೋದರೆ ಅಲ್ಲಿ ಆಗಲೇ ಒಂದು ಬ್ಯಾಟ್ ಒರಗಿತ್ತು. ಅದರ ಪಕ್ಕದಲ್ಲಿ ಗುರುಪ್ರಸಾದ್ ತಲೆ ಬಗ್ಗಿಸಿ ಲೆಕ್ಕ ಮಾಡುತ್ತ ಕೂತಿದ್ದ.

ಕ್ಲಾಸು ಮುಗಿದ ಮೇಲೆ ಹೊರಗೆ ಸೈಕಲ್ಲಿನ ಬೀಗ ತೆಗೆಯುತ್ತ ಅವನೇ ಮೆಲ್ಲಗೆ, “ಮನೇಲಿ ನನ್ ಹೆಂಡ್ತಿ ಯಾರು ಗೆದ್ರು ಅಂತ ಕೇಳ್ತಾಳೆ ಕಣೋ. ಏನ್ ಹೇಳ್ಲಿ?” ಎಂದ.

“ನೀನೇ ಗೆದ್ದೆ ಅಂತ ಹೇಳು,” ಎಂದೆ, ಬಹಳ ಉದಾರವಾಗಿ. ಅಂದಿನ ನಾಲ್ಕನೇ ಲೆಕ್ಕದ ತಲೆಬುಡ ನನಗೆ ತಿಳಿದಿರಲಿಲ್ಲ. ಅವನು ಅದನ್ನು ಬಿಡಿಸಿದ್ದನ್ನು ನಾನು ಓರೆಗಣ್ಣಿನಲ್ಲಿ ನೋಡಿದ್ದೆ.